ಒಂದನೆಯ ನಂಬರಿನ ಅಂಗಿ

ಕೆಂಪು ಬಣ್ಣ ಬಿಡಬಹುದು. ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಬಹುದು. ಆರು ಮತ್ತು ಒಂಬತ್ತು ತಲೆಕೆಳಗಾಗಬಹುದು. ಚಡ್ಡಿ ಗಿಡ್ಡವಾಗಬಹುದು, ಉದ್ದವಾದರೆ ಹುಡುಗಿಯರು ಎಡವಿ ಬೀಳಬಹುದು. ಪದ್ಮನಾಭಣ್ಣನಿಗೆ ಊರಿಂದ ಫೋನು ಬಂದು ಅವರು ಅರ್ಧ ಹೊಲಿದದ್ದನ್ನು ಮಿಶಿನ್ನಿನ ಮೇಲೇ ಬಿಟ್ಟು ವಿಮಾನ ಹತ್ತಬಹುದು. ಲಂಡನ್ನಿನಲ್ಲಿ ವಿಮಾನ ಬದಲಿಸುವಾಗ ಪೆಟ್ಟಿಗೆ ಬೇರೆ ದೇಶಕ್ಕೆ ಹೋಗಬಹುದು. ಕಸ್ಟಮ್ಸಿನವರು ಒಂದೇ ಥರದ ಹದಿನಾರು ಕೆಂಪು ಅಂಗಿ ನೋಡಿ ಇದು ಕ್ರಾಂತಿಯ ಸಾಮಾನು ಎಂದುಕೊಳ್ಳಬಹುದು. ಪೆಟ್ಟಿಗೆಗೆ ಇಲಿ ಹೊಗಬಹುದು. ವಿಮಾನದಲ್ಲಿ ಇಲಿ ಇರುತ್ತದೆಯೇ, ವಿಚಾರಿಸುವುದು.

ಹೀಗೆ ಒಟ್ಟು ಹದಿನಾಲ್ಕು. ಕೈಬರಹ ನನ್ನದೇ. ಕಳೆದ ಮಂಗಳವಾರ ಆಫೀಸಿನ ಪೋಸ್ಟ್ ಬಾಕ್ಸಿಗೆ ಬಂದ ಲಕೋಟೆಯೊಳಗಿಂದ ಈ ಚೀಟಿ ಬಿತ್ತು. ನಾಲ್ಕು ಮಡಿಕೆ, ಮಡಿಕೆಯ ಗೆರೆಗಳೆಲ್ಲ ಕಂದಿ ಬಟ್ಟೆಯಂತೆ ಮೆತ್ತಗಾಗಿದ್ದವು. ಮೂಗಿಗೆ ಹಿಡಿದರೆ ಮಂಡಿನೋವಿಗೆ ತಿಕ್ಕುವ ಎಣ್ಣೆಯ ವಾಸನೆ. ನನ್ನ ಮಂಡಿಯದಲ್ಲ. ನನ್ನ ಮಂಡಿ ಕತಾರಿನ ಅಲ್ ಅಜೀಜಿಯಾದ ನಮ್ಮ ಫ್ಲ್ಯಾಟಿನ ಮೆಟ್ಟಿಲು ಹತ್ತುವುದನ್ನು ಬಿಟ್ಟರೆ ಇನ್ನಾವ ಸಾಹಸವನ್ನೂ ಮಾಡಿದ್ದಲ್ಲ.

ನಾನು ಪಟ್ಟಿ ಮಾಡುವ ಜಾತಿಯವನು. ಕೆಲವರು ಪ್ರಯಾಣಕ್ಕೆ ಮೊದಲು ಏನೇನು ಒಯ್ಯಬೇಕೆಂದು ಬರೆದುಕೊಳ್ಳುತ್ತಾರೆ. ನಾನು ಏನೇನು ಕೆಡಬಹುದೆಂದು ಬರೆದುಕೊಳ್ಳುತ್ತೇನೆ. ಬರೆದದ್ದು ಕೆಡುವುದಿಲ್ಲ ಎಂಬುದು ನನ್ನ ನಂಬಿಕೆ. ಮದುವೆಯ ದಿನವೂ ಜೇಬಿನಲ್ಲಿ ಒಂದು ಪಟ್ಟಿ ಇತ್ತು. ಅದರ ವಿವರ ನನ್ನ ಹೆಂಡತಿ ಸುಮತಿಗೆ ಇಂದಿಗೂ ಗೊತ್ತಿಲ್ಲ, ಗೊತ್ತಾಗುವುದು ಬೇಡ.

ಈ ಚೀಟಿ ಬರೆದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನಾವು ಆಗ ಅಲ್ ಖೋರ್‌ನಲ್ಲಿ ಕಂಪನಿ ಕೊಟ್ಟ ಮನೆಯಲ್ಲಿದ್ದೆವು. ಬೆಳಿಗ್ಗೆ ಬಸ್ಸು ಬಂದು ನಮ್ಮನ್ನು ಗುಡಿಸಿಕೊಂಡು ರಾಸ್ ಲಫಾನಿಗೆ ಒಯ್ಯುತ್ತಿತ್ತು. ಅಲ್ಲಿ ಗ್ಯಾಸಿನ ಕಾರ್ಖಾನೆ ಏಳುತ್ತಿತ್ತು. ಅದರಲ್ಲಿ ನನ್ನ ಪಾಲಿನ ಕೊಡುಗೆಯೆಂದರೆ ಗೇಟ್ ಪಾಸು, ಪೆನ್ನು, ಪೆನ್ಸಿಲು ಮತ್ತು ಫ್ಯಾಕ್ಸ್ ಯಂತ್ರದ ಯೋಗಕ್ಷೇಮ. ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಯೂನಿಸ್ ಎಂಬ ಹೆಂಗಸು ಕೂರುತ್ತಿದ್ದರು. ನಲವತ್ತರ ಆಸುಪಾಸು, ನಕ್ಷೆಗಳ ವಿಭಾಗ. ಬಂದ ನಕ್ಷೆಗೆಲ್ಲ ನಂಬರು ಹಾಕಿ ಮುದ್ರೆ ಒತ್ತಿ ಇಡುವುದು ಅವರ ಕೆಲಸ. ಕೆರಿಬಿಯನ್ ಕಡಲಿನ ಒಂದು ಸಣ್ಣ ದ್ವೀಪದವರು. ದ್ವೀಪದ ಹೆಸರು ಹೇಳುವುದಿಲ್ಲ. ಅಲ್ಲಿನ ಫುಟ್‌ಬಾಲ್ ಸಂಘದವರು ಕನ್ನಡ ಕಲಿತು ಇದನ್ನು ಓದಿ ನನಗೆ ನೋಟಿಸು ಕಳಿಸಬಹುದು.

ಕೆರಿಬಿಯನ್ ಎಂದರೆ ಮೈಸೂರಿನವನಾದ ನನಗೆ ತಲೆಯಲ್ಲಿ ಇದ್ದದ್ದು ಒಂದೇ. ಪರಿಚಯವಾದ ದಿನವೇ, ನಿಮ್ಮ ಕಡೆಯ ವೇಗದ ಬೌಲರುಗಳೆಂದರೆ ನನಗೆ ಪ್ರಾಣ ಎಂದೆ.

"ನಾನು ಜೀವಮಾನದಲ್ಲಿ ಒಂದು ಪೂರ್ತಿ ಕ್ರಿಕೆಟ್ ಆಟ ನೋಡಿಲ್ಲ," ಎಂದರು ಯೂನಿಸ್ ತಮ್ಮ ಇಂಗ್ಲಿಷಿನಲ್ಲಿ. "ನಿಮಗೆ ಹಾವಾಡಿಸೋಕೆ ಬರುತ್ತಾ?"

"ಇಲ್ಲ."

"ಸರಿ. ಹಾಗಾದ್ರೆ ಇಬ್ಬರೂ ಸಮ."

ಅವರ ಜೀವ ಇದ್ದದ್ದು ಫುಟ್‌ಬಾಲಿನಲ್ಲಿ. ಚಿಕ್ಕಂದಿನಲ್ಲಿ ಕಡಲತೀರದ ಮರಳಲ್ಲಿ ಹುಡುಗರ ಜೊತೆ ಆಡಿ ಬೆಳೆದವರು. ದೇಶಕ್ಕೊಂದು ಹೆಂಗಸರ ತಂಡ ಬೇಕೆಂದು ಇಪ್ಪತ್ತರ ವಯಸ್ಸಿನಲ್ಲಿ ಸಂಘಕ್ಕೆ ಅರ್ಜಿ ಕೊಟ್ಟರಂತೆ. ಪರಿಶೀಲನೆಯಲ್ಲಿದೆ ಎಂಬ ಉತ್ತರ ಬಂತಂತೆ. ಅವರು ಕತಾರಿನ ವಿಮಾನ ಹತ್ತುವಾಗಲೂ ಅದು ಪರಿಶೀಲನೆಯಲ್ಲೇ ಇತ್ತು. ನನಗೆ ತಕ್ಷಣ ಆತ್ಮೀಯತೆ ಹುಟ್ಟಿತು. ನಮ್ಮ ಬೀದಿಯ ಚರಂಡಿ ನಾನು ಹುಟ್ಟುವ ಮೊದಲಿನಿಂದ ಪರಿಶೀಲನೆಯಲ್ಲಿದೆ. ಅಲ್ಲದೆ ನಮ್ಮ ಸಂಘಗಳನ್ನು ನಾನು ನೋಡದವನೇ? ಅಧ್ಯಕ್ಷರು, ಉಪಾಧ್ಯಕ್ಷರು ಹತ್ತು ಜನ ವೇದಿಕೆಯ ಮೇಲೆ, ಮಹಿಳಾ ವಿಭಾಗ ಉಪ್ಪಿಟ್ಟಿನ ಹಿಂದೆ.

ಯೂನಿಸ್ ಮಾತ್ರ ಪರಿಶೀಲನೆ ಮುಗಿಯಲೆಂದು ಕಾಯಲಿಲ್ಲ. ಊರಿನಲ್ಲಿದ್ದ ಅವರ ಗೆಳತಿ, ಒಬ್ಬ ಶಾಲೆಯ ಟೀಚರು, ಹುಡುಗಿಯರನ್ನು ಕೂಡಿಸಿ, ಗಂಡಸರ ತಂಡವೂ ಮೇಕೆಗಳೂ ಮೈದಾನ ಬಿಟ್ಟುಕೊಟ್ಟ ಹೊತ್ತಿನಲ್ಲಿ ಆಡಿಸುತ್ತಿದ್ದರು. ಯೂನಿಸ್ ಇಲ್ಲಿಂದ ಫ್ಯಾಕ್ಸಿನಲ್ಲಿ ಅಭ್ಯಾಸದ ಕ್ರಮ ಬರೆದು ಕಳಿಸುವರು. ಅಲ್ಲಿಂದ ಯಾರು ಓಡಿದರು, ಯಾರ ಮನೆಯಲ್ಲಿ ಬೈದರು, ಯಾರ ಬೂಟು ಯಾರು ಹಾಕಿಕೊಂಡರು ಎಂಬ ವರದಿ ಬರುವುದು. ಒಂದು ದೇಶದ ತಂಡ ಹೀಗೆ ನನ್ನ ಫ್ಯಾಕ್ಸ್ ಯಂತ್ರದ ಬಾಯಿಂದ ಸುರುಳಿ ಸುರುಳಿಯಾಗಿ ಹೊರಬರುತ್ತಿತ್ತು. ಪರರ ಫ್ಯಾಕ್ಸ್ ಓದುವುದು ತಪ್ಪು ಎನ್ನುವವರು ಮರುಭೂಮಿಯ ಆಫೀಸಿನಲ್ಲಿ ಒಂದು ಮಧ್ಯಾಹ್ನ ಕಳೆದು ನೋಡಲಿ.

ಹಾಗೆ ಓದಿದ್ದರಲ್ಲಿ ಒಂದು ಸಂಘದ ಪತ್ರ. ಪಕ್ಕದ ದ್ವೀಪದವರು ಹೆಂಗಸರ ತಂಡವನ್ನು ಪಂದ್ಯಕ್ಕೆ ಕರೆದಿದ್ದರು, ದೇಶದ ಹೆಸರಿನಲ್ಲಿ, ಮೊದಲ ಬಾರಿಗೆ. ನಂಬರು ಹಾಕಿದ ಸಮವಸ್ತ್ರ ಕಡ್ಡಾಯ. ಸಮವಸ್ತ್ರ ಒದಗಿಸಲು ಸಂಘ ಅಶಕ್ತವಾಗಿದೆ, ವಿಷಾದಿಸುತ್ತದೆ. ತಂಡ ಸರಿಯಾಗಿ ಅಂಗಣಕ್ಕೆ ಇಳಿಯದಿದ್ದಲ್ಲಿ ಹೆಸರನ್ನು ಹಿಂತೆಗೆದುಕೊಂಡು, ಮಹಿಳೆಯರಲ್ಲಿ ಆಸಕ್ತಿಯ ಕೊರತೆ ಎಂದು ದಾಖಲಿಸಿ, ವಿಷಯವನ್ನು ಮುಕ್ತಾಯಗೊಳಿಸಲಾಗುವುದು. ಎಷ್ಟು ಸೊಗಸಾದ ಬರವಣಿಗೆ, ನೋಡಿ. ಕೈಕಾಲು ಕಟ್ಟಿ ಕೆರೆಗೆ ತಳ್ಳಿ, ಈಜುವ ಆಸಕ್ತಿ ಇರಲಿಲ್ಲ ಎಂದು ಬರೆದುಕೊಳ್ಳುವವರು ಎಲ್ಲ ಕಡಲಿನಲ್ಲೂ ಇದ್ದಾರೆ.

ಯೂನಿಸ್ ಪತ್ರ ಓದಿ ಮಡಿಸಿ, "ಇಲ್ಲಿ ಒಳ್ಳೆ ಟೈಲರ್ ಯಾರಿದ್ದಾರೆ?" ಎಂದಷ್ಟೇ ಕೇಳಿದರು.

ಅಲ್ ಖೋರ್ ಪೇಟೆಯಲ್ಲಿ ಪದ್ಮನಾಭಣ್ಣ ಇದ್ದರು. ಉಡುಪಿ ಕಡೆಯವರು, ಮನೆಮಾತು ತುಳು, ಕಂಪನಿಯ ಕೆಲಸಗಾರರ ಕವರಾಲು ಮತ್ತು ಮಕ್ಕಳ ಯೂನಿಫಾರಂ ಹೊಲಿಯುವುದರಲ್ಲಿ ಎತ್ತಿದ ಕೈ. ಯೂನಿಸ್‌ಗೆ ಓವರ್‌ಟೈಮ್ ಇದ್ದುದರಿಂದ ಹೊಲಿಸುವ ಹೊಣೆ ನಾನೇ ಹೊತ್ತೆ. ಚಿಂತೆ ಮಾಡಲು ಹೊಸದೊಂದು ವಸ್ತು ಸಿಕ್ಕರೆ ಬಿಡುವ ಮನುಷ್ಯ ನಾನಲ್ಲ.

"ಎಂತ ಸಾರ್, ಹೆಂಗಸ್ರು ಫುಟ್‌ಬಾಲ್ ಆಡ್ತಾರಾ?" ಎಂದರು ಪದ್ಮನಾಭಣ್ಣ.

"ಆಡ್ತಾರಂತೆ."

"ಆಡ್ಲಿ ಬಿಡಿ. ನಂಗೆ ಮೂರು ಜನ ಅಕ್ಕಂದಿರು. ಅವ್ರು ಆಟ ಕಲಿಯದೇನೇ ನನ್ನನ್ನು ಚೆಂಡು ಮಾಡಿದ್ರು."

ಯೂನಿಸ್ ಕೊಟ್ಟ ಅಳತೆಯ ಹಾಳೆಯನ್ನು ಅವರು ಬೆಳಕಿಗೆ ಹಿಡಿದು ನೋಡಿದರು. "ಸಾರ್, ಒಂದನೇ ನಂಬ್ರಕ್ಕೆ ಹಳದಿ ಅಂತ ಉಂಟಲ್ಲ? ಅಡಿಗೆ ಎರಡು ಗೆರೆ ಬೇರೆ. ಹದಿನೈದು ಕೆಂಪು, ಒಂದು ಹಳದಿ. ಎಂತ ಕತೆ ಇದು?"

ಫುಟ್‌ಬಾಲ್ ಬಲ್ಲ ಓದುಗರು ಈಗಾಗಲೇ ತಲೆಯ ಮೇಲೆ ಕೈ ಇಟ್ಟುಕೊಂಡಿರುತ್ತೀರಿ. ದಯವಿಟ್ಟು ತಾಳ್ಮೆ. ನಾನು ಯೋಚಿಸಿದೆ. ಒಂದನೆಯ ನಂಬರು ಎಂದರೆ ಕೀಪರು. ಕೀಪರ್ ಎಂದರೆ ನನಗೆ ಗೊತ್ತಿಲ್ಲವೇ? ಸ್ಟಂಪಿನ ಹಿಂದೆ ಕೂರುವವನು, ಗ್ಲೌಸು ಬೇರೆ, ಅಂಗಿ ಎಲ್ಲರದ್ದೇ.

"ತಪ್ಪಾಗಿರಬೇಕು. ಕೀಪರ್‌ಗೆ ಗ್ಲೌಸ್ ಮಾತ್ರ ಬೇರೆ ಇರತ್ತೆ."

"ಬಟ್ಟೆ ಸಾಕಾಗ್ಲಿಕ್ಕಿಲ್ಲ ಅಂತ ಬರ್ದದ್ದಾ ಏನ, ಪಾಪ."

"ಸಾಕಾಗತ್ತಾ?"

"ಆರಾಮಾಗಿ ಆಗ್ತದೆ ಮಾರಾಯ್ರೆ. ಹದಿನಾರೂ ಕೆಂಪೇ ಮಾಡುವ. ಒಬ್ಳು ಮಾತ್ರ ಬೇರೆ ಕಂಡ್ರೆ ಆ ಹುಡುಗಿಗೆ ಬೇಜಾರಾಗ್ತದೆ."

ನನ್ನ ಕಣ್ಣು ತೇವವಾಯಿತು. ಇಬ್ಬರು ನಡುವಯಸ್ಸಿಗೆ ಕಾಲಿಡುತ್ತಿದ್ದ ಗಂಡಸರು, ಒಬ್ಬ ಅಪರಿಚಿತ ಹೆಣ್ಣುಮಗಳ ಮನಸ್ಸು ನೋಯದಿರಲೆಂದು, ಹಳದಿ ಎಂಬ ಶಬ್ದದ ಮೇಲೆ ಗೆರೆ ಎಳೆದೆವು. ಎದುರಿನ ಚಾದಂಗಡಿಯಲ್ಲಿ ಆರು ಜನ ಮಲಯಾಳಿಗಳು ಕೂತು ಫುಟ್‌ಬಾಲನ್ನೇ ಮಾತಾಡುತ್ತಿದ್ದರು. ರಸ್ತೆ ದಾಟಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ಕೇಳುವುದೆಂದರೆ ನಮಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡಂತೆ. ಅದೂ ಮಲಯಾಳಿಗಳ ಮುಂದೆ.

ಮುಂದಿನ ಎರಡು ವಾರ ಬಸ್ಸಿಳಿದವನು ನೇರ ಅಂಗಡಿಗೇ ಹೋದೆ. ಆರು, ಒಂಬತ್ತು ಸರಿ ನೋಡಿದೆ. ಚಡ್ಡಿಗಳನ್ನು ಅಳೆದೆ. ಒಂದು ಅಂಗಿಯನ್ನು ಮನೆಗೆ ತಂದು ಬಿಳಿ ಕರವಸ್ತ್ರದೊಡನೆ ನೆನೆಸಿಟ್ಟೆ. ಬಣ್ಣ ಬಿಡಲಿಲ್ಲ, ಸ್ವಲ್ಪ ನಿರಾಸೆಯೇ ಆಯಿತು. "ಯಲ್ಲಾ ಸಾರ್, ಮನೆಗೆ ಹೋಗಿ. ನೀವು ನೋಡ್ತಾ ನಿಂತ್ರೆ ಸೂಜಿಗೂ ನಡುಕ ಬರ್ತದೆ," ಎಂದು ಪದ್ಮನಾಭಣ್ಣ ಓಡಿಸುತ್ತಿದ್ದರು. ಈ ಪಟ್ಟಿ ಬೆಳೆದದ್ದು ಆ ಹದಿನೈದು ದಿನಗಳಲ್ಲಿ.

ಪೆಟ್ಟಿಗೆ ಕಟ್ಟಿದ್ದು ಸುಮತಿ. ಗಲ್ಫಿನಲ್ಲಿ ನಾಲ್ಕು ವರ್ಷ ಕಳೆದವರಿಗೆ ಗೊತ್ತು, ಪೆಟ್ಟಿಗೆಯಲ್ಲಿ ಜಾಗ ಖಾಲಿ ಬಿಟ್ಟು ಕಳಿಸುವುದು ಮಹಾಪಾಪ. ಯಾರದೇ ಪೆಟ್ಟಿಗೆಯಾಗಲಿ, ಯಾವ ಊರಿಗೇ ಹೋಗಲಿ, ಸಂದಿಯಲ್ಲಿ ಸೋಪು, ಮೂಲೆಯಲ್ಲಿ ಪೌಡರು, ನಡುವೆ ಹಾಲಿನ ಪುಡಿಯ ಡಬ್ಬ ಇರಲೇಬೇಕು. ಆಮೇಲೆ ನೈಲಾನ್ ಹಗ್ಗ, ಆರೂ ಮುಖಕ್ಕೆ ವಿಳಾಸ. ಗುರುವಾರ ಮಧ್ಯಾಹ್ನ, ರಜೆಗೆ ಹೊರಟಿದ್ದ ಯೂನಿಸ್ ಪೆಟ್ಟಿಗೆ ಒಯ್ಯಲು ಬಂದಾಗ ಅದು ಊರಿಗೆ ಹೊರಟ ಅಳಿಯನ ಹಾಗೆ ಬಿಗಿದುಕೊಂಡು ಕೂತಿತ್ತು.

"ಒಮ್ಮೆ ತೆಗೆದು ನೋಡಬಹುದಾ?" ಎಂದರು ಯೂನಿಸ್.

"ಬಿಚ್ಚಿದ್ರೆ ಮತ್ತೆ ಹೀಗೆ ಕೂರಲ್ಲ ಅಂತ ಹೇಳ್ರೀ," ಎಂದಳು ಸುಮತಿ ಕನ್ನಡದಲ್ಲಿ.

ಹದಿನಾರೂ ಇವೆ, ಏಳು ಸಲ ನೋಡಿದ್ದೇನೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಯೂನಿಸ್ ಹಗ್ಗದ ಮೇಲೆ ಕೈಯಾಡಿಸಿದರು. "ನೀವು ಏಳು ಸಲ ನೋಡಿದ ಮೇಲೆ ನಾನು ನೋಡೋದೇನಿದೆ, ಮಿಸ್ಟರ್ ವರಿ." ಆ ಹೆಸರು ಅವರೇ ಇಟ್ಟದ್ದು. ಅಷ್ಟು ನಂಬಿಕೆಯಿಂದ ಅದನ್ನು ಯಾವತ್ತೂ ಉಚ್ಚರಿಸಿರಲಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲ ಹಿಂದಿನ ಗೂಟದಲ್ಲಿ ನನ್ನ ಗಿಳಿಹಸಿರು ಅಂಗಿ ಇರಲಿಲ್ಲ.

"ಮೂಲೆ ಖಾಲಿ ಇತ್ತು ರೀ," ಎಂದಳು ಸುಮತಿ, ಬಾಣಲೆಯ ಕಡೆ ನೋಡುತ್ತ. ಆ ಅಂಗಿಯನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

"ಅದು ಒಗೆದಿರಲಿಲ್ವಲ್ಲೇ! ಜೇಬಲ್ಲಿ ನನ್ನ ಪಟ್ಟಿ ಬೇರೆ ಇತ್ತು."

"ಇನ್ನೊಂದು ಬರ್ಕೊಳ್ಳಿ. ನಿಮಗೇನು ಕಷ್ಟ?"

ತಿಂಗಳ ನಂತರ ಯೂನಿಸ್ ರಜೆಯಿಂದ ಮರಳಿದವರು ಬಸ್ಸಿನಲ್ಲಿ ಮುಂದಿನ ಸೀಟು ಬಿಟ್ಟು ನನ್ನ ಪಕ್ಕದಲ್ಲೇ ಕೂತರು. ವಿಮಾನ ತಡವಾಗಿ, ಊರಿಗೂ ಹೋಗದೆ ಪಂದ್ಯದ ಬೆಳಿಗ್ಗೆ ಪಕ್ಕದ ದ್ವೀಪಕ್ಕೆ ನೇರ ಇಳಿದರಂತೆ. ಪೆಟ್ಟಿಗೆ ಸುರಕ್ಷಿತ. ಹಗ್ಗ ಕೊಯ್ಯಲು ಬ್ರೆಡ್ಡಿನ ಚಾಕು ತರಿಸಬೇಕಾಯಿತು. ಹುಡುಗಿಯರು ಕೆಂಪು ಅಂಗಿ ತೊಟ್ಟು, ಒಬ್ಬರ ಬೆನ್ನಿನ ನಂಬರು ಒಬ್ಬರು ಮುಟ್ಟಿ ನೋಡಿ, ಹಾಡು ಶುರು ಮಾಡಿದರು. ಆಗ ರೆಫರಿ ಬಂದು, ಗೋಲ್‌ಕೀಪರ್ ಯಾರು ಎಂದು ಕೇಳಿದನಂತೆ. ಕೀಪರಿಗೆ ಬೇರೆ ಬಣ್ಣವಿಲ್ಲದಿದ್ದರೆ ಆಟವಿಲ್ಲ. ಕಾಲು ಗಂಟೆ ಕೊಡುತ್ತೇನೆ ಎಂದನಂತೆ. ಎದುರಿನ ತಂಡದ್ದು ಬಿಳಿ. ನಮ್ಮ ಹುಡುಗಿಯರು ತೊಟ್ಟು ಬಂದದ್ದು ಶಾಲೆಯ ಬಿಳಿ ಅಂಗಿ. ಯೂನಿಸ್ ಅಭಿಮಾನದಿಂದ ಉಟ್ಟದ್ದು ಕೆಂಪು. ಸಂಘದ ಕಾರ್ಯದರ್ಶಿಯೂ ಬಂದಿದ್ದ, ಆಗಲೇ ಪೆನ್ನಿನ ಟೋಪಿ ತೆಗೆದು ನಿಂತಿದ್ದ.

"ಆಮೇಲೆ?" ಎಂದೆ.

"ಪೆಟ್ಟಿಗೆಯ ತಳದಲ್ಲಿ, ಹಾಲಿನ ಪುಡಿಯ ಹಿಂದೆ, ನಿಮ್ಮ ಅಂಗಿ. ಆ ಹಸಿರು ನೋಡಿ ರೆಫರಿ ಎರಡು ಹೆಜ್ಜೆ ಹಿಂದೆ ಸರಿದ."

ಕರೆನ್ ಎಂಬ ಎತ್ತರದ ಹುಡುಗಿ, ಮೀನು ಹಿಡಿಯುವವರ ಮಗಳು, ಅದನ್ನು ಕತ್ತಿನವರೆಗೆ ಗುಂಡಿ ಹಾಕಿ ತೊಟ್ಟಳು. ಬೆನ್ನಿಗೆ ಗಾಯದ ಪಟ್ಟಿಯಿಂದ ಒಂದು ಎಂದು ಅಂಟಿಸಿದರು. ಏಳು ಗೋಲಿನಿಂದ ಸೋತರು. ಆದರೆ ಆಡಿ ಸೋತರು. ಆಸಕ್ತಿಯ ಕೊರತೆ ಎಂದು ಬರೆಯಲು ಕಾರ್ಯದರ್ಶಿಗೆ ಜಾಗ ಸಿಗಲಿಲ್ಲ.

"ಅದು ಒಗೆದಿರಲಿಲ್ಲ," ಎಂದೆ.

"ಆಟ ಮುಗಿದ ಮೇಲೆ ವ್ಯತ್ಯಾಸ ಗೊತ್ತಾಗಲಿಲ್ಲ." ಯೂನಿಸ್ ಮುಂದಿನ ಸೀಟಿನ ಬೆನ್ನಿನ ಮೇಲೆ ಬೆರಳಿನಿಂದ ಗೆರೆ ಎಳೆದರು. "ನಾನು ಎರಡು ಗೆರೆ ಎಳೆದಿದ್ದೆ. ಮೂರು ಎಳೆಯಬೇಕಿತ್ತು."

ರಾಸ್ ಲಫಾನಿನ ಗೇಟು ಬರುವವರೆಗೂ ನಾನು ಕ್ಷಮೆ ಕೇಳಿದೆ. ಕೊನೆಗೆ ಅವರೇ, "ಖಲಾಸ್, ಮಿಸ್ಟರ್ ವರಿ," ಎಂದು ಎದ್ದು ಹೋದರು.

ಈಗ, ಇಷ್ಟು ವರ್ಷದ ಮೇಲೆ, ಅವರ ಪತ್ರ. ತಂಡಕ್ಕೆ ಈಗ ಕೋಚ್ ಇದ್ದಾರೆ, ವಾರಕ್ಕೆ ಎರಡು ಸಂಜೆ ಮೈದಾನ ಮೊದಲು ಹೆಂಗಸರಿಗೆ, ಮೇಕೆಗಳಿಗೆ ಬೇರೆ ವ್ಯವಸ್ಥೆ. "ಮೊದಲು ಏಳು ಗೋಲಿನಿಂದ ಸೋಲುತ್ತಿದ್ದೆವು, ಈಗ ಒಂದು ಗೋಲಿನಿಂದ ಸೋಲುತ್ತೇವೆ, ಕೆಲವೊಮ್ಮೆ ಮರೆತು ಗೆದ್ದುಬಿಡುತ್ತೇವೆ. ಇದನ್ನು ಸಂಘ ತನ್ನ ಸಾಧನೆ ಎಂದು ಪುಸ್ತಕ ಮಾಡಿಸಿದೆ." ಕರೆನ್ ಈಗ ಕೀಪರ್ ಹುಡುಗಿಯರಿಗೆ ಕಲಿಸುತ್ತಾಳೆ. ನನ್ನ ಜೇಬಿನ ಚೀಟಿಯನ್ನು ಅವಳು ಭಾರತದ ಯಾವುದೋ ಪ್ರಾರ್ಥನೆ ಎಂದುಕೊಂಡು, ಆಡಿದಷ್ಟು ವರ್ಷವೂ ಕಾಲುಚೀಲದೊಳಗೆ ಇಟ್ಟುಕೊಂಡೇ ಆಡಿದಳಂತೆ. ಈಗ ಹೊಸ ಹುಡುಗಿಯರಿಗೆ ಓದಿ ಹೇಳಬೇಕು, ಅರ್ಥ ಬರೆದು ಚೀಟಿಯನ್ನು ವಾಪಸು ಕಳಿಸಿ ಎಂದು ಕೇಳಿದ್ದಾಳೆ.

"ಏನು ಬರೀಲೇ?" ಎಂದು ಸುಮತಿಯನ್ನು ಕೇಳಿದೆ.

"ಇದ್ದದ್ದು ಬರೀರಿ," ಎಂದಳು. "ನೀವು ತಿದ್ದೋಕೆ ಹೋದ್ರೆ ಏನಾಗತ್ತೆ ಅಂತ ನೋಡಿದೀವಲ್ಲ."

ಕೂತು ಇಂಗ್ಲಿಷಿಗೆ ಇಳಿಸಿದೆ. ಸಾಲಿನ ಕೊನೆಗಳನ್ನು ಮಾತ್ರ ಬದಲಿಸಿದೆ. ಬಣ್ಣ ಬಿಡದಿರಲಿ. ಆರು ಒಂಬತ್ತಾಗದಿರಲಿ. ಹುಡುಗಿಯರು ಎಡವಿ ಬೀಳದಿರಲಿ. ಪೆಟ್ಟಿಗೆ ಸೇರಬೇಕಾದಲ್ಲಿಗೆ ಸೇರಲಿ. ಇಲಿಯನ್ನೂ ಬಿಡಲಿಲ್ಲ. ಹದಿನಾಲ್ಕು ಮುಗಿದವು. ಅವುಗಳಲ್ಲಿ ಒಂದೂ ಆಗಿರಲಿಲ್ಲ. ಆದದ್ದು ಅದರಲ್ಲಿ ಇರಲೇ ಇಲ್ಲ.

ಚೀಟಿಯ ಅಡಿಯಲ್ಲಿ ಒಂದು ಸಾಲಿಗಾಗುವಷ್ಟು ಜಾಗ ಉಳಿದಿತ್ತು. ಖಾಲಿ ಬಿಟ್ಟು ಕಳಿಸುವುದು ನಮ್ಮಲ್ಲಿ ಪದ್ಧತಿಯಿಲ್ಲ. ಹದಿನೈದು ಎಂದು ಹಾಕಿ, ಕೀಪರಿನ ಅಂಗಿ ಹಳದಿ ಎಂದು ಬರೆದು, ಅದರ ಅಡಿಗೆ ಮೂರು ಗೆರೆ ಎಳೆದೆ.