ಮೂರನೇ ಸಾಲಿನ ‘ವಾಹ್’

ಮೌನವೇ ಸಂಗೀತಕ್ಕೆ ನಾವು ಸಲ್ಲಿಸಬಹುದಾದ ಅತ್ಯುಚ್ಚ ಗೌರವ. ಈ ಘನವಾದ ಸತ್ಯ ನನಗೆ ಹೊಳೆದದ್ದು ಅರವತ್ತೇಳನೇ ವಯಸ್ಸಿನಲ್ಲಿ, ಐರಿಷ್ ನಗರ ಕಾರ್ಕ್‌ನ ಒಂದು ಸಭಾಂಗಣದಲ್ಲಿ, ಹೆಂಡತಿ ನನ್ನ ಬಾಯಿಗೆ ಕೆಮ್ಮಿನ ಗುಳಿಗೆ ತುರುಕಿದ ಮೇಲೆ.

ನನಗೆ ಕೆಮ್ಮಿರಲಿಲ್ಲ. ಇದ್ದದ್ದು ಬೇರೆ ರೋಗ. ನಾನು ಬೆಳೆದದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ಗಾಯಕರ ಎದುರು ಸುಮ್ಮನೆ ಕೂತವನನ್ನು ಕಿವುಡನೆಂದೋ ಕೊಬ್ಬಿದವನೆಂದೋ ತಿಳಿಯುತ್ತಿದ್ದರು. ಒಳ್ಳೆಯ ಜಾಗ ಬಂದರೆ ‘ವಾಹ್’ ಅನ್ನಲೇಬೇಕು. ನನ್ನದು ಇನ್ನೂ ಒಂದು ಕೈ ಮೇಲು: ಆ ಜಾಗ ಬರುವ ಅರೆಗಳಿಗೆ ಮೊದಲೇ ಅಂದುಬಿಡುತ್ತೇನೆ. ಮುಂದೆ ಈ ದೇಶಕ್ಕೆ ಬಂದು ಟಾಲಾದ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯನಾಗಿ ಇಪ್ಪತ್ತೆಂಟು ವರ್ಷ ಮಂದಿಯ ಬಾಯಿ ಮುಚ್ಚಿಸಿದೆ, ನನ್ನದು ಮುಚ್ಚಲಿಲ್ಲ.

ಮಗಳು ಪಿಯಾನೋ ವಾದಕಿ. ಅಲ್ಲಿಯತನಕ ಅವಳ ವೃತ್ತಿಯೆಂದರೆ ಹಾಡುವವರ ಹಿಂದೆ ಕೂತು ನುಡಿಸುವುದು, ನೃತ್ಯಶಾಲೆಯ ಪರೀಕ್ಷೆಗಳಿಗೆ ನುಡಿಸುವುದು, ಆಡಮ್ಸ್‌ಟೌನ್‌ನ ಮಕ್ಕಳ ಬೆರಳು ತಿದ್ದುವುದು. ಬೇಕಾಗಿದ್ದದ್ದು ಒಬ್ಬಳೇ ಕೂತು ನುಡಿಸುವ ಕಛೇರಿ. ಸಣ್ಣ ಊರುಗಳಲ್ಲಿ ಕಛೇರಿ ಏರ್ಪಡಿಸುವ ಮಂಡಳಿಯವರು ಆ ಭಾನುವಾರ ಮಧ್ಯಾಹ್ನ ಕಾರ್ಕ್‌ನಲ್ಲಿ ಅವಳನ್ನು ಕೇಳಿ, ಒಪ್ಪಿಗೆಯಾದರೆ ಮುಂದಿನ ವರ್ಷದ ಪ್ರವಾಸ ಕೊಡುವವರಿದ್ದರು. ಇನ್ನೊಮ್ಮೆ ಕರೆಯುವ ಪದ್ಧತಿ ಅವರಲ್ಲಿಲ್ಲ.

ಏನು ನುಡಿಸುವುದೆಂಬುದು ಐದು ತಿಂಗಳ ಮೊದಲೇ ಅಚ್ಚಾಗಿತ್ತು. ಮೊದಲು ಹಳೇ ಕಾಲದ ಒಂದು ಪುಟ್ಟ ಕೃತಿ, ನಂತರ ಉದ್ದನೆಯ ಸೊನಾಟಾ, ವಿರಾಮ, ಆಮೇಲೆ ಚಿಕ್ಕಚಿಕ್ಕವು. ಎಲ್ಲವೂ ಪುಸ್ತಕವಿಲ್ಲದೆ, ನೆನಪಿನಿಂದ. ನಮ್ಮ ಕಡೆಯ ಗಾಯಕರಿಗೆ ತಂಬೂರಿ ಶ್ರುತಿಯಾದ ಮೇಲೂ ರಾಗ ಯಾವುದೆಂದು ಗೊತ್ತಿರುತ್ತಿರಲಿಲ್ಲ.

ಸೊನಾಟಾದಲ್ಲಿ ಒಂದು ಅಪಾಯವಿತ್ತು.

“ರೌಂಡ್‌ಅಬೌಟ್ ಥರ, ಅಪ್ಪಾ,” ಎಂದು ಅಡುಗೆಮನೆಯಲ್ಲಿ ವಿವರಿಸಿದ್ದಳು. ಅವಳು ಕನ್ನಡ ಆಡುವುದು ನನ್ನ ಮೇಲೆ ಕನಿಕರ ಬಂದಾಗ ಮಾತ್ರ. “ಅದೇ ಟ್ಯೂನ್ ಎರಡು ಸಲ ಬರುತ್ತೆ. ಫಸ್ಟ್ ಟೈಮ್ ಎಡಕ್ಕೆ, ಸೆಕೆಂಡ್ ಟೈಮ್ ಬಲಕ್ಕೆ. ಮರೆತು ಎಡಕ್ಕೇ ಹೋದ್ರೆ ಮತ್ತೆ ಪೂರಾ ಒಂದು ಸುತ್ತು.”

“ಬಲಕ್ಕೆ ಹೋದ್ರೆ?”

“ಮನೆ.”

ಐದು ತಿಂಗಳು ಬೆಳ್ಳುಳ್ಳಿ ಸುಲಿಯುತ್ತ ಅವಳ ಅಭ್ಯಾಸ ಕೇಳಿದೆ. ಆ ಬಲತಿರುವು ನನಗೆ ಬಹಳ ಹಿಡಿಸಿತ್ತು. ಎರಡನೇ ಸಲ ಅದು ಹತ್ತಿರವಾಗುತ್ತಲೇ ದಿನವೂ ‘ವಾಹ್’ ಅನ್ನುತ್ತಿದ್ದೆ. ಅವಳು ಬೈಯುತ್ತಿರಲಿಲ್ಲ, ಕೇಳಿಸಿಕೊಂಡೇ ಇಲ್ಲ ಎಂದುಕೊಂಡಿದ್ದೆ.

ಕಾರ್ಕ್ ದಾರಿಯಲ್ಲಿ, ಕಾರಿನಲ್ಲೇ, ಮಾತು ತೆಗೆದುಕೊಂಡಳು. “ನಾಟ್ ಎ ಸೌಂಡ್, ಅಪ್ಪಾ. ಪ್ರಾಮಿಸ್?”

“ಪ್ರಾಮಿಸ್.”

“ಇವರ ಪ್ರಾಮಿಸ್ ನನಗ್ಗೊತ್ತಿಲ್ವಾ,” ಎಂದಳು ಹಿಂದಿನ ಸೀಟಿನಿಂದ ಹೆಂಡತಿ. “ಗುಳಿಗೆ ತಂದಿದೀನಿ.”

ಸೊನಾಟಾ ಶುರುವಾಯಿತು. ಮೊದಲ ಸಲ ಎಡ, ಸರಿ. ಎರಡನೇ ಸಲ ತಿರುವು ಹತ್ತಿರವಾದಾಗ ಗುಳಿಗೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದೆ. ಅವಳು ಎಡಕ್ಕೆ ಹೋದಳು.

ನನಗೇನೂ ತಿಳಿಯಲಿಲ್ಲ. ನಮ್ಮವರಂತೆ ಖುಷಿಯಲ್ಲಿ ಇನ್ನೊಂದು ಸುತ್ತು ತೆಗೆದುಕೊಂಡಳೇ? ಎಷ್ಟಾದರೂ ಹುಬ್ಬಳ್ಳಿಯ ರಕ್ತ ಎಂದು ಒಂದು ಕ್ಷಣ ಉಬ್ಬಿದೆ ಕೂಡ. ಸುತ್ತಲಿನವರ ಮುಖ ನೋಡಿದರೆ, ಅಲ್ಲಿ ಸಂತೋಷವಾದವರೂ ಬೇಸರವಾದವರೂ ಒಂದೇ ಥರ ಕೂತಿರುತ್ತಾರೆ. ಆಮೇಲೆ ಅವಳ ಭುಜ ನೋಡಿದೆ. ಉಸಿರಾಟ ಗಮನಿಸುವುದು ನನ್ನ ಕಸುಬು. ಉಸಿರು ಮೇಲ್ಮೇಲೆ, ತುಂಡುತುಂಡಾಗಿ ಬರುತ್ತಿತ್ತು. ಮಗು ದಾರಿ ತಪ್ಪಿತ್ತು.

ಕೊಟ್ಟ ಮಾತು ಒಂದು ಕಡೆ, ದಾರಿ ತಪ್ಪಿದ ಮಗಳು ಇನ್ನೊಂದು ಕಡೆ. ನನ್ನ ‘ವಾಹ್’ಗೂ ಆ ತಿರುವಿಗೂ ಸಂಬಂಧವಿತ್ತೋ, ಅದೂ ನನ್ನ ಅಹಂಕಾರವೋ, ಇವತ್ತಿಗೂ ಹೇಳಲಾರೆ. ತಿರುವು ಮತ್ತೆ ಬಂತು. ಗುಳಿಗೆಯನ್ನು ಕರವಸ್ತ್ರಕ್ಕೆ ಉಗಿದು, ಮೂರನೇ ಸಾಲಿನಿಂದ “ವಾಹ್” ಎಂದೆ.

ಅವಳು ಬಲಕ್ಕೆ ಹೋದಳು.

ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು. ಹೆಂಡತಿ ನನ್ನ ಪರಿಚಯವೇ ಇಲ್ಲದವಳ ಹಾಗೆ ಚಾವಣಿ ನೋಡತೊಡಗಿದಳು.

ವಿರಾಮದಲ್ಲಿ ವೇದಿಕೆಯ ಹಿಂದಿನ ಕೋಣೆಗೆ ಹೋದೆ.

“ಪ್ರಾಮಿಸ್ ಮಾಡಿದ್ರಿ,” ಎಂದಳು ಮಗಳು.

“ಹೌದಮ್ಮ.”

“ಅದೂ ಒಂದು ಸುತ್ತು ಲೇಟಾಗಿ!”

ಯಾವುದಕ್ಕೆ ಕ್ಷಮೆ ಕೇಳಬೇಕೋ ತಿಳಿಯದೆ ಎರಡಕ್ಕೂ ಕೇಳಿದೆ. ಕನ್ನಡದಲ್ಲೇ ಬೈದಳಲ್ಲ, ಅದನ್ನು ಹೇಗೆ ತೆಗೆದುಕೊಳ್ಳಬೇಕೆಂಬುದೂ ಹೊಳೆಯಲಿಲ್ಲ. ನೀರು ಕೊಡಿ ಎಂದಳು; ಕೊಟ್ಟೆ.

ಎಲ್ಲ ಮುಗಿದ ಮೇಲೆ ಮಂಡಳಿಯ ಹಿರಿಯ ಹೆಂಗಸೊಬ್ಬರು ಅವಳ ಕೈ ಹಿಡಿದು “ಗ್ರ್ಯಾಂಡ್” ಎಂದರು. ಈ ದೇಶದಲ್ಲಿ ಚಹಾ ಆರಿಹೋದರೂ ಗ್ರ್ಯಾಂಡೇ, ಕಾಲು ಮುರಿದರೂ ಗ್ರ್ಯಾಂಡೇ. ಮನೆ ಮುಟ್ಟುವವರೆಗೂ ಮೂವರೂ ಆ ಒಂದು ಮಾತನ್ನೇ ಯೋಚಿಸುತ್ತ ಕೂತಿದ್ದೆವು.

ಮೂರು ವಾರದ ಮೇಲೆ ಕಾಗದ ಬಂತು. ಆರು ಊರುಗಳಲ್ಲಿ ಕಛೇರಿ ಕೊಟ್ಟಿದ್ದರು. ಆರರಲ್ಲೂ ಅವಳು ಸೊನಾಟಾವನ್ನು ಪುಸ್ತಕ ನೋಡಿಕೊಂಡು ನುಡಿಸಿದಳು.