ಮೂರನೇ ಕೂಗು

ದೆವ್ವ, ಗಾಳಿ, ಶಕುನ ಎಂದರೆ ನಗುತ್ತಿದ್ದವಳು ನಾನು. ಚಳ್ಳಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಗದೆ ಇನ್ನೇನು ಮಾಡಬೇಕು? ತಾಯತ ಕಟ್ಟಿಕೊಂಡು ಬಂದ ಮಕ್ಕಳನ್ನು ಕರೆದು, ಒಳಗೇನಿದೆ ಬಿಚ್ಚಿ ನೋಡೋಣ ಬಾ ಎಂದು ಕಾಡಿಸುತ್ತಿದ್ದೆ. ಈಗ ಕಾಡಿಸುವುದಿಲ್ಲ. ನಂಬಿಕೆ ಬಂದಿದೆ ಅಂತಲ್ಲ, ಹಾಗೆ ನಗುವ ಧೈರ್ಯ ಹೋಗಿದೆ ಅಷ್ಟೇ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಮ್ಮ ಯಜಮಾನರದು ಪಂಪ್‌ಸೆಟ್ ಅಂಗಡಿ. ಆ ವರ್ಷ ಚೆನ್ನಾಗಿ ಮಾರಿದ ಡೀಲರುಗಳನ್ನು ಕಂಪನಿಯವರು ಹೆಂಡತಿಯರ ಸಮೇತ ಸಿಂಗಪುರಕ್ಕೆ ಕರೆದುಕೊಂಡು ಹೋದರು. ಹೊರಡುವ ಮುನ್ನ ದೇವಸಮುದ್ರಕ್ಕೆ ಹೋಗಿ ಅವ್ವನಿಗೂ ತಮ್ಮ ಓಬಯ್ಯನಿಗೂ ಹೇಳಿ ಬಂದೆ. ಓಬಯ್ಯ ಕುರಿ ಕಾಯುವವನು. ಶಾಲೆಯ ದಾಖಲೆಯಲ್ಲಿ ನಾನು ಭಾರತಿ. ತೊಟ್ಟಿಲಲ್ಲಿ ಇಟ್ಟ ಬೋರಮ್ಮ ಎಂಬ ಹೆಸರನ್ನು ಇನ್ನೂ ಬಿಡದವನು ಅವನೊಬ್ಬನೇ. ಅಡವಿಯಲ್ಲಿ ಕುರಿ ಕರೆಯುವ ಹಾಗೆ ಕೊನೆಯನ್ನು ಎಳೆದು "ಬೋರಕ್ಕೋ" ಎನ್ನುತ್ತಾನೆ.

ಅವ್ವ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಡುತ್ತಾ ತನ್ನ ಹಳೇ ಕಾನೂನು ನೆನಪಿಸಿದಳು. "ಕಾಣದ ಸೀಮೆಗೆ ಹೋಗ್ತೀಯ. ಯಾರಾರ ಹೆಸರು ಹಿಡ್ದು ಕೂಗಿದ್ರೆ ಕೂಡ್ಲೆ ಓ ಅನ್ಬ್ಯಾಡ. ಮನುಷ್ಯರಾದ್ರೆ ಮೂರು ಸಲ ಕೂಗ್ತಾರೆ. ಗಾಳಿಯಾದ್ರೆ ಎರಡಕ್ಕೇ ಸುಮ್ಕಾಗ್ತೈತೆ."

"ಅಲ್ಲಿ ನನ್ನ ಹೆಸರು ಯಾರಿಗೆ ಗೊತ್ತೈತವ್ವಾ?" ಎಂದು ನಕ್ಕುಬಿಟ್ಟೆ.

ಅಲ್ಲಿಗೆ ಹೋದ ಎರಡನೇ ದಿನ. ಬೆಳಿಗ್ಗೆ ಪಕ್ಷಿಗಳ ಉದ್ಯಾನ ನೋಡಿದೆವು, ನೀರು ಉಗುಳುವ ಸಿಂಹದ ಮುಂದೆ ನಿಂತು ಫೋಟೊ ತೆಗೆಸಿಕೊಂಡೆವು. ಮಧ್ಯಾಹ್ನ ಲಿಟಲ್ ಇಂಡಿಯಾದಲ್ಲಿ ಬಾಳೆಎಲೆ ಊಟ. ಬ್ರೆಡ್ಡು ತಿಂದು ತಿಂದು ನಾಲಿಗೆ ಕೆಟ್ಟಿದ್ದ ನಾನು ನಾಚಿಕೆ ಬಿಟ್ಟು ಮತ್ತೆ ಮತ್ತೆ ಸಾರು ಹಾಕಿಸಿಕೊಂಡೆ. ಯಜಮಾನರು ಹಲಸಿನಂತೆ ಕಾಣುವ ಅಲ್ಲಿನ ಹಣ್ಣೊಂದನ್ನು ಕೊಂಡು, ಅದರ ವಾಸನೆಗೆ ಇಡೀ ಗುಂಪನ್ನು ಓಡಿಸಿದರು. ಎಲ್ಲರೂ ನಗುನಗುತ್ತಲೇ ಕೇಬಲ್ ಕಾರ್ ಹತ್ತಿದೆವು. ಗಾಜಿನ ಪೆಟ್ಟಿಗೆಯೊಳಗೆ ನಾವಿಬ್ಬರು, ಎದುರಿಗೆ ದಾವಣಗೆರೆ ಕಡೆಯ ಗಂಡ ಹೆಂಡತಿ.

ಕೆಳಗೆ ಬರೀ ಸಮುದ್ರ ಕಾಣುವಲ್ಲಿಗೆ ಬಂದಾಗ ಕೇಳಿಸಿತು. "ಬೋರಕ್ಕೋ."

ಕಾಲಡಿಯಿಂದ ಬಂದ ದನಿ. ಎತ್ತರಕ್ಕೆ ಹೋದಾಗ ಕಿವಿಯಲ್ಲಿ ಒತ್ತಡ ಬದಲಾಗುತ್ತದೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಮತ್ತೆ ಕೇಳಿಸಿತು. ಈ ಸಲ ದನಿಯಲ್ಲಿ ಅಳುವಿತ್ತು. ಓ ಎನ್ನಲು ಬಾಯಿ ತೆರೆದವಳು ಅವ್ವನ ಮಾತು ನೆನಪಾಗಿ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಮೂರನೆಯದಕ್ಕೆ ಕಾದೆ. ಅದು ಬರಲೇ ಇಲ್ಲ. ಎದುರಿನವರು ಹಡಗು ಎಣಿಸುತ್ತಿದ್ದರು. ಅವರಿಗೇನೂ ಕೇಳಿಸಿದಂತೆ ಕಾಣಲಿಲ್ಲ. ಗಡಿಯಾರ ನೋಡಿದೆ, ಮೂರೂಕಾಲು. ನಮ್ಮೂರಲ್ಲಿ ಆಗ ಹನ್ನೆರಡೂಮುಕ್ಕಾಲು.

ಆಮೇಲೆ ಏನು ನೋಡಿದೆನೋ ಏನು ತಿಂದೆನೋ ನೆನಪಿಲ್ಲ. ಸಂಜೆ ದೇವಸಮುದ್ರದ ಎಸ್‌ಟಿಡಿ ಬೂತಿಗೆ ಫೋನ್ ಹಚ್ಚಿದರೆ ಲೈನೇ ಸಿಗಲಿಲ್ಲ. ಯಜಮಾನರು "ಬಿಸಿಲಿಗೆ ಪಿತ್ತ ಏರೈತೆ, ಮಲಕ್ಕೊ" ಎಂದರು. ಉಳಿದ ಎರಡು ದಿನವೂ ನನ್ನನ್ನು ಕೊರೆದದ್ದು ಒಂದೇ ಪ್ರಶ್ನೆ. ಏನನ್ನೂ ನಂಬದವಳು ನೀನು, ನಿನ್ನ ತಮ್ಮ ಅಳುತ್ತಾ ಕೂಗಿದರೆ ಯಾಕೆ ಓ ಅನ್ನಲಿಲ್ಲ?

ವಾಪಸು ಬಂದವಳು ಚಳ್ಳಕೆರೆಯ ಮನೆಯ ಬೀಗವನ್ನೂ ತೆಗೆಯದೆ ಸೀದಾ ದೇವಸಮುದ್ರದ ಬಸ್ಸು ಹತ್ತಿದೆ. ಓಬಯ್ಯ ಜಗಲಿಯ ಮೇಲೆ ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಕೂತಿದ್ದ. ಅವನನ್ನು ಕಂಡದ್ದೇ ಅಳು ಒತ್ತರಿಸಿ ಬಂತು.

"ಮರಿ ಹಿಂದೆ ಓಡಿ ಹಾಳುಬಾವಿಗೆ ಬಿದ್ದೆ ಕಣಕ್ಕ. ಕೆಳಗೆ ನೀರು. ಒಂದು ಬೇರು ಹಿಡ್ಕಂಡು ಒಂಟಿಕಾಲಾಗೆ ಕಲ್ಲಿನ ಮ್ಯಾಲೆ ನಿಂತಿದ್ದೆ. ನೀನು ಊರಾಗಿಲ್ಲ ಅನ್ನೋದೂ ಮರ್ತೋಗಿತ್ತು. ನಿನ್ನೇ ಕೂಗ್ದೆ."

ಯಾವತ್ತು ಎಂದು ಕೇಳಿದೆ. ಅದೇ ದಿನ, ಹೊತ್ತು ನೆತ್ತಿಯ ಮೇಲಿದ್ದಾಗ.

"ಎಷ್ಟು ಸಲ ಕೂಗಿದೆ?"

"ಎರಡು ಸಲ. ಕೈ ಸೋತು ಬಿಟ್ಬಿಡಾನ ಅನ್ನಿಸಿತ್ತು. ಅಷ್ಟರಾಗೆ ಮ್ಯಾಲಿಂದ ನೀನು ಓ ಅಂದ್ಯಲ್ಲ! ಅಕ್ಕ ಬಂದ್ಲು ಅಂತ ಗಟ್ಟಿಯಾಗಿ ಹಿಡ್ಕಂಡೆ. ಮತ್ಯಾಕೆ ಕೂಗ್ಲಿ?"

ಕುರಿಗಳು ಬಾವಿಯ ಸುತ್ತ ನಿಂತದ್ದನ್ನು ಕಂಡು ಪಕ್ಕದ ಮಂದೆಯವರು ಬಂದು ಅವನನ್ನು ಹಗ್ಗ ಕಟ್ಟಿ ಎತ್ತಿದರಂತೆ. ಅವರಲ್ಲಿ ಹೆಂಗಸರಿರಲಿಲ್ಲ. ಓ ಎಂದವರೂ ಯಾರೂ ಇಲ್ಲ.

ನೋವಿನಲ್ಲಿದ್ದವನಿಗೆ ಬೇಕಾದ ದನಿಯೇ ಕೇಳಿಸಿತು ಎನ್ನಬಹುದು. ಹಾಗಾದರೆ ನನಗೆ ಕೇಳಿಸಿದ್ದೇನು? ಇಷ್ಟು ವರ್ಷವಾದರೂ ನನ್ನ ಯಾವ ವಿಜ್ಞಾನವೂ ಇದಕ್ಕೆ ಉತ್ತರ ಕೊಟ್ಟಿಲ್ಲ. ಅವತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ ಎಂಬುದನ್ನು ಅವನಿಗೆ ಹೇಳಲು ನನ್ನಿಂದ ಆಗಿಲ್ಲ.

ಈಗಲೂ ಚಳ್ಳಕೆರೆ ಸಂತೆಗೆ ಬಂದಾಗ ಕುಂಟುತ್ತಾ ನಮ್ಮ ಮನೆಗೆ ಬಂದು ಬಾಗಿಲಲ್ಲಿ ಕೂಗುತ್ತಾನೆ. ಒಲೆಯ ಮೇಲಿನದು ಸೀದುಹೋದರೂ ಸರಿ, ಮೊದಲ ಕೂಗಿಗೇ ಓ ಎನ್ನುತ್ತೇನೆ.

"ಅವತ್ತೂ ಹಿಂಗೇ ಅಂದಿದ್ದೆ ನೋಡಕ್ಕ" ಎಂದು ಅವನು ನಗುತ್ತಾನೆ.