ಗಿರಿಜಾಳ ಎದೆ ಓಡಿದ ದಿನ

ಮಕ್ತಲ್‌ನ ನಮ್ಮ ಅಂಗಡಿಯಲ್ಲಿ ಗಿರಾಕಿಗೆ ನಾರಾಯಣಪೇಟೆ ಸೀರೆಯ ಸೆರಗು ಬಿಚ್ಚಿ ತೋರಿಸುತ್ತಿದ್ದ ನನ್ನ ಹೆಂಡತಿ ಗಿರಿಜಾ, ಅರ್ಧಕ್ಕೇ ಬಿಟ್ಟು ಗಾದಿಯ ಮೇಲೆ ಕುಸಿದು ಕುಳಿತಳು. ಸೀರೆ ಹಸಿರು ಎಂದು ನನ್ನ ನೆನಪು. ಆ ದಿನ ಅಂಗಡಿಯಲ್ಲಿ ಹಸಿರು ಇರಲೇ ಇಲ್ಲ ಎನ್ನುತ್ತಾಳೆ ಅವಳು.

"ಏನ್ರೀ, ಎದಿಯಾಗ ಲಾಳಿ ಓಡಾಕತ್ತೈತಿ," ಎಂದಳು. ಮಗ್ಗದವರ ಓಣಿಯಲ್ಲಿ ಬೆಳೆದವಳು. ಮಣಿಕಟ್ಟು ಹಿಡಿದು ನಾಡಿ ನೋಡಿದೆ.

ಎಣಿಸಲು ಆಗಲಿಲ್ಲ.

ರಾಯಚೂರಿನ ಡಾಕ್ಟರು ಇಸಿಜಿ ನೋಡಿ ಹೈದರಾಬಾದಿಗೆ ಕಳಿಸಿದರು. ಹೃದಯದಲ್ಲಿ ಕರೆಂಟ್ ಹರಿಯುವ ದಾರಿಯ ಜೊತೆಗೆ ಹುಟ್ಟಿನಿಂದಲೇ ಇನ್ನೊಂದು ಅಡ್ಡದಾರಿ ಇದೆಯಂತೆ. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ, ಬಡಿತವನ್ನು ಬೇಕೆಂದೇ ಓಡಿಸಿ, ಓಡುತ್ತಿರುವಾಗಲೇ ಆ ದಾರಿಯನ್ನು ಪತ್ತೆಹಚ್ಚಿ ಸುಡಬೇಕು. ಅಬ್ಲೇಶನ್. ಒಂದು ದಿನದ ಕೆಲಸ. ರೋಗಿ ಎಚ್ಚರವಾಗಿರಬೇಕು. ಎದೆ ಓಡದಿದ್ದರೆ ದಾರಿ ಸಿಗುವುದಿಲ್ಲ, ಹೋದ ಹಾಗೆಯೇ ವಾಪಸ್ ಬರಬೇಕು. ಅಲ್ಲಿನ ಡಾಕ್ಟರು ಇದನ್ನೆಲ್ಲ ಹೇಳಿದ್ದು ನನಗೆ.

ವಾಪಸ್ ಬರುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಗದ್ವಾಲಿಗೆ ಒಬ್ಬಳೇ ಬಸ್ಸಿನಲ್ಲಿ ಹೋಗಿ ಮಾಲು ಆರಿಸಿ ತರುತ್ತಿದ್ದವಳು, ಮನೆಯಿಂದ ಅಂಗಡಿಗೂ ನನ್ನನ್ನು ಜೊತೆಗೆ ಕರೆಯತೊಡಗಿದ್ದಳು. ಇಸಿಜಿಗಿಂತ ನನ್ನನ್ನು ಹೆದರಿಸಿದ್ದು ಅದು.

ಆ ಬೆಳಿಗ್ಗೆ ನರ್ಸ್ ಬಳೆ, ಕಾಲುಂಗುರ, ತಾಳಿ ತೆಗೆಸಿದಳು. ಕೊರಳಿನ ಬೆಳ್ಳಿ ಕರಡಿಗೆಗೆ ಕೈ ಹಾಕಿದಾಗ ಗಿರಿಜಾ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಒಳಗಿದ್ದದ್ದು ಅವಳ ಇಷ್ಟಲಿಂಗ. ಲಿಂಗ ಮೈಬಿಟ್ಟರೆ ಅವಳು ನೀರೂ ಕುಡಿಯುವವಳಲ್ಲ. ನಾನೋ, ಯೂನಿವರ್ಸಿಟಿ ಸೇರಿದ ವರ್ಷವೇ ನನ್ನದನ್ನು ಕಟ್ಟಿಕೊಳ್ಳುವುದು ಬಿಟ್ಟವನು.

"ಬೆಳ್ಳಿ ತಗೀರಿ. ಒಳಗಿಂದು ಕಲ್ಲು, ಲೋಹ ಅಲ್ಲ. ಬಟ್ಟ್ಯಾಗ ಸುತ್ತಿ ಅಂಗೈಯಾಗ ಇಟ್ಕೋತೀನಿ."

"ಇದು ದವಾಖಾನಿ ಐತಿ, ಮಠ ಅಲ್ಲ," ಎಂದೆ.

"ನೀವು ಮಠಕ್ಕೂ ಹೋಗಲ್ಲ, ದವಾಖಾನಿಗೂ ಹೋಗಲ್ಲ. ನಿಮಗೇನ್ ಗೊತ್ತು? ಡಾಕ್ಟರ್‌ನ ಕೇಳ್ರಿ."

ಕೇಳಿದೆ. ಎಡಗೈ ತಮಗೆ ಬೇಕಿಲ್ಲ, ಇಟ್ಟುಕೊಳ್ಳಲಿ ಎಂದು ಡಾಕ್ಟರು ನಕ್ಕರು. ಬಾಗಿಲು ಮುಚ್ಚಿತು. ನಾನು ಕಾರಿಡಾರಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದೆ. ಕುಳಿತರೆ ಕೆಟ್ಟದ್ದೇನೋ ಆಗುತ್ತದೆ ಎಂಬ ಭಾವ. ಇದು ಮೂಢನಂಬಿಕೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಡೆದೆ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಮುಗಿಯಿತೇ ಎಂದೆ. ಶುರುವೇ ಆಗಿಲ್ಲ ಎಂದರು.

"ನಾವು ಓಡಿಸುತ್ತೇವೆ. ಗುರುತು ಹಿಡಿಯುವಷ್ಟರಲ್ಲಿ ನಿಂತುಬಿಡುತ್ತದೆ. ಮನೆಯಲ್ಲೂ ಹೀಗೆ ತಾನಾಗಿಯೇ ನಿಲ್ಲುತ್ತಿತ್ತೇ?"

ನೆನಪಿಸಿಕೊಳ್ಳಲು ನೋಡಿದೆ. ಮಸುಕಾಗಿ ಒಂದು ಚಿತ್ರ ಬಂತು. ಬೆಳಗಿನ ಪೂಜೆ. ಅವಳ ಮುಖ ಬಿಳುಚಿದೆ, ಕೊರಳ ನರ ಅದುರುತ್ತಿದೆ. ಅಂಗೈ ಮೇಲಿನ ಲಿಂಗದಲ್ಲಿ ದೃಷ್ಟಿ ನೆಟ್ಟು, ಉಸಿರು ಬಿಗಿಹಿಡಿದು, ಹೊಟ್ಟೆ ಬಿಗಿ ಮಾಡಿ ಕುಳಿತಿದ್ದಾಳೆ. ಸ್ವಲ್ಪ ಹೊತ್ತಿಗೆ ಮುಖ ತಿಳಿಯಾಗುತ್ತದೆ. ಇದು ನಾನು ಕಂಡದ್ದೇ, ಅಥವಾ ಆ ಗಳಿಗೆಯಲ್ಲಿ ಏನಾದರೊಂದು ಉತ್ತರ ಬೇಕಾಗಿ ನನ್ನ ತಲೆ ಹೆಣೆದದ್ದೇ? ಖಾತ್ರಿಯಿಲ್ಲ ಎನ್ನುತ್ತಲೇ ಡಾಕ್ಟರಿಗೆ ಅದನ್ನು ಹೇಳಿದೆ.

ಡಾಕ್ಟರು ಹಣೆ ಚಚ್ಚಿಕೊಂಡರು. "ಉಸಿರು ಕಟ್ಟಿ ನಿಲ್ಲಿಸುತ್ತಿದ್ದಾರೆ! ಬನ್ನಿ."

ಗಾಜಿನ ಆಚೆ ಹಸಿರು ಬಟ್ಟೆಗಳ ಕೆಳಗೆ ಅವಳು ಮಲಗಿದ್ದಳು. ನನ್ನ ಮುಂದೆ ಮೈಕ್ ಹಿಡಿದರು.

"ಗಿರಿಜಾ, ಉಸಿರು ಹಿಡೀಬ್ಯಾಡ. ಅದನ್ನ ಓಡಾಕ ಬಿಡು."

"ಅಯ್ಯ! ನಿಲ್ಲಿಸಬಾರ್ದು ಅಂತ ಯಾರ ಹೇಳಿದ್ರು? ಪಾಪ, ಡಾಕ್ಟರ್‌ಗೆ ಸಹಾಯ ಆಗ್ಲಿ ಅಂತ ಬೆಳಗಿಂದ ನಿಲ್ಲಸಾಕತ್ತೀನಿ!"

ಆ ಕೋಣೆಯಲ್ಲಿ ಕನ್ನಡ ಬಲ್ಲ ಟೆಕ್ನಿಷಿಯನ್ ಒಬ್ಬ ಜೋರಾಗಿ ನಕ್ಕ. ತೆಲುಗಿನಲ್ಲಿ ಉಳಿದವರಿಗೂ ಹೇಳಿದ. ಅವರ ನಗು ನಿಂತ ಮೇಲೆ ಅವಳ ದನಿ ತಗ್ಗಿತು.

"ಅಂಜಿಕಿ ಬರ್ತೈತ್ರೀ."

"ನಾ ಇಲ್ಲೇ ಅದೀನಿ."

"ನೀವು ಅಲ್ಲಿದ್ದು ಏನ್ ಮಾಡ್ತೀರಿ. ಆತು, ಬಿಡ್ತೀನಿ."

ಬಿಟ್ಟಳು.

ತೆರೆಯ ಮೇಲಿನ ಗೆರೆಗಳು ಒಮ್ಮೆಲೇ ಒತ್ತೊತ್ತಾದವು. ಅದನ್ನು ನಿಲ್ಲಿಸುವ ವಿದ್ಯೆ ಅವಳಿಗೆ ಗೊತ್ತಿತ್ತು, ಒಂದು ಉಸಿರು ಸಾಕಿತ್ತು. ಎಚ್ಚರವಾಗಿ, ಅಲುಗಾಡದೆ, ತನ್ನ ಎದೆ ತನ್ನ ಕೈಮೀರಿ ಓಡುವುದನ್ನು ಅವಳು ಓಡಲು ಬಿಟ್ಟು ಮಲಗಿದ್ದಳು. ಎಡಗೈ ಬೆರಳುಗಳು ಬಟ್ಟೆಯ ಗಂಟಿನ ಸುತ್ತ ಸಡಿಲವಾಗಿದ್ದವು ಎಂದು ನಾನು ಹೇಳಿದರೆ, ಕೈ ಹೊದಿಕೆಯೊಳಗಿತ್ತು, ನಿಮಗೆ ಹೇಗೆ ಕಾಣಬೇಕು ಎನ್ನುತ್ತಾಳೆ. ಇರಬಹುದು. ಧೈರ್ಯ ಎಂಬ ಮಾತನ್ನು ನಾನು ಹಿಂದೆ ಮುಂದೆ ನೋಡಿ ಬಳಸುವವನು. ಇಲ್ಲಿ ನೋಡುವುದಿಲ್ಲ.

ದಾರಿ ಸಿಕ್ಕಿತು. ಸುಟ್ಟರು. ಮತ್ತೆ ಮತ್ತೆ ಓಡಿಸಿ ನೋಡಿದರು. ಓಡಲಿಲ್ಲ. ಅಪರೂಪಕ್ಕೆ ಕೆಲವರಲ್ಲಿ ಮರಳುವುದುಂಟು, ಹಾಗಾದರೆ ಬನ್ನಿ ಎಂದರು ಡಾಕ್ಟರು. ಅಷ್ಟು ಅನುಮಾನ ಉಳಿಸಿ ಮಾತಾಡುವವರ ಮೇಲೆ ನನಗೆ ನಂಬಿಕೆ ಹೆಚ್ಚು. ಕೈಮುಗಿದೆ.

ಸಂಜೆ ವಾರ್ಡಿನಲ್ಲಿ ಅವಳು ತಂತಿ ಹಾಕಿದ ಕಾಲು ಮಡಚದೆ ಮಲಗಿದ್ದಳು. ಪಕ್ಕದ ಹಾಸಿಗೆಯಲ್ಲಿ ರಾಜೋಳಿ ಕಡೆಯ ಹೆಂಗಸು. ಮರುದಿನ ಆಕೆಗೂ ಇದೇ. ಸೆರಗು ಬಾಯಿಗಿಟ್ಟು ಅಳುತ್ತಿದ್ದಳು.

"ನೋಯ್ತೈತೇನಕ್ಕಾ?" ಎಂದು ಗಿರಿಜಾಳನ್ನು ಕೇಳಿದಳು.

"ನೋವು ಅಷ್ಟಿಲ್ಲವ್ವ. ಅಂಜಿಕಿ ಬರ್ತೈತಿ, ಬರ್ಲಿ. ಒಳಗ ಉಸಿರು ಕಟ್ಟಬ್ಯಾಡ, ಓಡಾಕ ಬಿಡು. ನಂಗ ಯಾರೂ ಹೇಳಲಿಲ್ಲ, ನಾ ನಿಂಗ ಹೇಳಾಕತ್ತೀನಿ." ಆಮೇಲೆ ಕತ್ತು ಹೊರಳಿಸದೆ ಕಣ್ಣಿನಲ್ಲೇ ನನ್ನತ್ತ ತೋರಿಸಿದಳು. "ನಿನ್ನ ಗಂಡಗ ಮಾತ್ರ ಮದ್ಲ ಕುಂದ್ರಾಕ ಹೇಳು. ನೋಡಿಲ್ಲಿ, ನಮ್ಮವ್ರು ಬೆಳಗಿಂದ ನಿಂತೇ ಅದಾರ."

ಆ ಹೆಂಗಸು ಅಳುತ್ತಲೇ ನಕ್ಕಳು.

ನಾನು ಸ್ಟೂಲ್ ಎಳೆದುಕೊಂಡು ಕುಳಿತೆ.